ಸೌರಫಲಕದ ಗಾಜನ್ನು ತೊಳೆಯುವ ಮುನ್ನ

ತಾರಸಿಯ ಮೇಲೆ ಸೌರವಿದ್ಯುತ್ ಫಲಕಗಳನ್ನು ಹಾಕಿಸಿಕೊಳ್ಳುವವರು ಹೆಚ್ಚುತ್ತಿದ್ದಾರೆ. ಕೇಂದ್ರ ಸರ್ಕಾರ 2024ರ ಫೆಬ್ರವರಿಯಲ್ಲಿ ‘ಪಿಎಂ ಸೂರ್ಯಘರ್’ ಯೋಜನೆಯನ್ನು ಆರಂಭಿಸಿದ ಮೇಲೆ ಇದು ಪಟ್ಟಣದ ಸಾಧಾರಣ ಮನೆಗಳಿಗೂ ಬಂದಿದೆ. ಫಲಕದ ಜೊತೆಗೆ ಒಂದು ವಾರಂಟಿ ಪತ್ರವೂ ಬರುತ್ತದೆ. ಅದರಲ್ಲಿ ಸಾಮಾನ್ಯವಾಗಿ ಎರಡು ಭರವಸೆಗಳಿರುತ್ತವೆ. ತಯಾರಿಕೆಯಲ್ಲಿ ದೋಷವಿದ್ದರೆ ಹತ್ತು-ಹನ್ನೆರಡು ವರ್ಷಗಳವರೆಗೆ ಕಂಪನಿ ಹೊಣೆ. 25 ವರ್ಷಗಳ ಕೊನೆಯಲ್ಲೂ ಫಲಕ ತನ್ನ ಮೂಲ ಸಾಮರ್ಥ್ಯದ ಸುಮಾರು ಶೇಕಡ 80ರಷ್ಟನ್ನು ಕೊಡಬೇಕು ಎಂಬುದು ಇನ್ನೊಂದು. ಇವೆರಡರ ಕೆಳಗೆ ಸಣ್ಣ ಅಕ್ಷರಗಳಲ್ಲಿ ಫಲಕವನ್ನು ಹೇಗೆ ತೊಳೆಯಬೇಕು, ಹೇಗೆ ತೊಳೆಯಬಾರದು ಎಂದು ಬರೆದಿರುತ್ತದೆ. ಪತ್ರ ಬೀರು ಸೇರುತ್ತದೆ. ಮೂರು ತಿಂಗಳಿಗೆ ದೂಳು ಕೂತಾಗ ಯಾರೋ ಒಬ್ಬರು ಬಕೆಟ್, ಪಾತ್ರೆ ತಿಕ್ಕುವ ಪುಡಿ ಮತ್ತು ನಾರು ಹಿಡಿದು ಏಣಿ ಹತ್ತುತ್ತಾರೆ. ಗಾಜು ಥಳಥಳಿಸುತ್ತದೆ ನಿಜ. ಆದರೆ 25 ವರ್ಷಗಳ ಭರವಸೆ ಅದೇ ನೀರಿನಲ್ಲಿ ತೊಳೆದುಹೋಗಿರಬಹುದು.

ಕಂಪನಿಗಳು ಇಷ್ಟೊಂದು ಷರತ್ತು ಹಾಕುವುದು ತಪ್ಪಿಸಿಕೊಳ್ಳುವುದಕ್ಕೆ ಮಾತ್ರ ಎಂದು ಅನೇಕರು ಭಾವಿಸುತ್ತಾರೆ. ಸ್ವಲ್ಪ ಮಟ್ಟಿಗೆ ಅದೂ ಇರಬಹುದು. ಆದರೆ ಷರತ್ತುಗಳ ಹಿಂದೆ ಪ್ರೌಢಶಾಲೆಯ ಭೌತವಿಜ್ಞಾನ, ರಸಾಯನವಿಜ್ಞಾನಗಳೇ ಇವೆ.

ಗಾಜಿನಿಂದಲೇ ಆರಂಭಿಸೋಣ. ಗಾಜಿನ ವಕ್ರೀಭವನಾಂಕ ಸುಮಾರು 1.5, ಗಾಳಿಯದು 1. ಇವುಗಳ ವ್ಯತ್ಯಾಸವನ್ನು ಮೊತ್ತದಿಂದ ಭಾಗಿಸಿ ವರ್ಗ ಮಾಡಿದರೆ 0.04 ಬರುತ್ತದೆ. ಅಂದರೆ ನೇರವಾಗಿ ಬಿದ್ದ ಬೆಳಕಿನಲ್ಲಿ ಶೇಕಡ 4ರಷ್ಟು ಗಾಜಿನ ಮೇಲ್ಮೈಯಲ್ಲೇ ಪ್ರತಿಫಲಿಸಿ ನಷ್ಟವಾಗುತ್ತದೆ. ಇದನ್ನು ತಗ್ಗಿಸಲು ಈಗಿನ ಬಹುತೇಕ ಫಲಕಗಳ ಗಾಜಿಗೆ ಸೂಕ್ಷ್ಮರಂಧ್ರಗಳುಳ್ಳ ಸಿಲಿಕದ ಲೇಪವೊಂದನ್ನು ಕೊಟ್ಟಿರುತ್ತಾರೆ. ಲೇಪದ ವಕ್ರೀಭವನಾಂಕ 1.5ರ ವರ್ಗಮೂಲ, ಅಂದರೆ ಸುಮಾರು 1.22 ಇದ್ದು, ದಪ್ಪ ಅದರೊಳಗಿನ ಬೆಳಕಿನ ತರಂಗದೂರದ ಕಾಲು ಭಾಗವಿದ್ದರೆ, ಲೇಪದ ಮೇಲಿನಿಂದಲೂ ಕೆಳಗಿನಿಂದಲೂ ಪ್ರತಿಫಲಿಸಿದ ಅಲೆಗಳು ಒಂದನ್ನೊಂದು ಅಳಿಸಿಹಾಕುತ್ತವೆ. 550 ನ್ಯಾನೋಮೀಟರ್ ತರಂಗದೂರದ ಹಸಿರು ಬೆಳಕಿಗೆ ಈ ದಪ್ಪ ಸುಮಾರು 110 ನ್ಯಾನೋಮೀಟರ್. 70 ಮೈಕ್ರೋಮೀಟರ್ ದಪ್ಪದ ತಲೆಗೂದಲು ಇದಕ್ಕಿಂತ ಆರುನೂರು ಪಟ್ಟು ದಪ್ಪ! ಎಲ್ಲ ಬಣ್ಣಗಳಿಗೂ ಸೇರಿ ಈ ಲೇಪದಿಂದ ಸಿಗುವ ಲಾಭ ಶೇಕಡ ಎರಡು-ಮೂರರಷ್ಟು. 3 ಕಿಲೋವಾಟ್ ಘಟಕ ದಿನಕ್ಕೆ ಸುಮಾರು 12 ಯೂನಿಟ್ ಕೊಡುತ್ತದೆ ಎಂದುಕೊಂಡರೆ, ಲೇಪ ಸವೆದುಹೋದ ಮನೆಯವರು ವರ್ಷಕ್ಕೆ ನೂರು ಯೂನಿಟ್‌ಗಳ ಆಸುಪಾಸಿನಲ್ಲಿ ಕಳೆದುಕೊಳ್ಳುತ್ತಾರೆ.

ಲೇಪವನ್ನು ಸವೆಸಲು ತಿಕ್ಕುವ ಪುಡಿಯೇ ಬೇಕೆಂದಿಲ್ಲ. ನಮ್ಮ ದೂಳೇ ಸಾಕು. ಮೋಸ್ ಕಾಠಿಣ್ಯ ಮಾನದಲ್ಲಿ ಗಾಜು ಐದೂವರೆಯಿಂದ ಆರರ ನಡುವೆ ಇದೆ. ಮಣ್ಣಿನಲ್ಲಿ ಧಾರಾಳವಾಗಿರುವ ಕ್ವಾರ್ಟ್ಸ್ ಏಳು. ಒಣಬಟ್ಟೆಯಿಂದ ದೂಳನ್ನು ಒರೆಸುವುದೆಂದರೆ ಗಾಜಿಗೆ ಉಪ್ಪುಕಾಗದ ಉಜ್ಜಿದಂತೆಯೇ ಸರಿ. ಮೊದಲು ನೀರು ಹರಿಸಿ ಕಣಗಳನ್ನು ಸಡಿಲಿಸಬೇಕು, ಆಮೇಲೆ ಮೆತ್ತನೆಯ ಬ್ರಷ್ ಅಥವಾ ಸ್ಪಂಜು.

ಇನ್ನು ನೀರಿನ ವಿಷಯ. ಬಯಲುಸೀಮೆಯ ಕೊಳವೆಬಾವಿಗಳ ನೀರು ಗಡಸು ಎಂಬುದು ಸ್ನಾನದ ನೀರು ಕಾಯಿಸುವ ಪಾತ್ರೆ ನೋಡಿದವರಿಗೆಲ್ಲ ಗೊತ್ತು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಇದ್ದರೆ ಸ್ವೀಕಾರಾರ್ಹ, ಬೇರೆ ಮೂಲವಿಲ್ಲದಿದ್ದರೆ 600ರವರೆಗೂ ಅನುಮತಿ ಇದೆ. ಇಂಥ ನೀರನ್ನು ಫಲಕದ ಮೇಲೆ ಸುರಿದು ಹಾಗೆಯೇ ಆರಲು ಬಿಟ್ಟರೆ ಏನಾಗುತ್ತದೆ? ಕ್ಯಾಲ್ಸಿಯಮ್ ಬೈಕಾರ್ಬೊನೇಟ್ ವಿಭಜನೆಗೊಂಡು ನೀರು ಮತ್ತು ಕಾರ್ಬನ್ ಡೈಆಕ್ಸೈಡ್ ಹೊರಟುಹೋಗುತ್ತವೆ, ಕ್ಯಾಲ್ಸಿಯಮ್ ಕಾರ್ಬೊನೇಟ್ ಬಿಳಿಯ ಕಲೆಯಾಗಿ ಉಳಿಯುತ್ತದೆ. ಎರಡು ಚದರ ಮೀಟರ್ ಫಲಕದ ಮೇಲೆ 50 ಮಿಲಿಲೀಟರ್ ನೀರು ಆರಿದರೂ, ಗಡಸುತನ 600 ಇದ್ದಲ್ಲಿ, ಒಂದು ಸಲಕ್ಕೆ 30 ಮಿಲಿಗ್ರಾಂ ಸುಣ್ಣದ ಕಲ್ಲು. ವಾರಕ್ಕೊಮ್ಮೆ ತೊಳೆಯುವ ಶ್ರದ್ಧಾವಂತರು ವರ್ಷಕ್ಕೆ ಒಂದೂವರೆ ಗ್ರಾಂ ಕಲ್ಲನ್ನು ತಾವೇ ಲೇಪಿಸಿರುತ್ತಾರೆ. ದೂಳು ಮಳೆಗೆ ಹೋಗುತ್ತದೆ, ಇದು ಹೋಗುವುದಿಲ್ಲ. ಸಂಗ್ರಹಿಸಿದ ಮಳೆನೀರು ಉತ್ತಮ. ಗಡಸು ನೀರೇ ಗತಿಯಾದರೆ, ಆರುವ ಮುನ್ನ ರಬ್ಬರ್ ವೈಪರಿನಿಂದ ಎಳೆದುಬಿಡಬೇಕು.

ಬಿಳಿ ಕಲೆ ಕಂಡವರು ಮುಂದಿನ ಹೆಜ್ಜೆಯಾಗಿ ಶೌಚಾಲಯ ತೊಳೆಯುವ ಆಮ್ಲವನ್ನು ತರುತ್ತಾರೆ. ಹೈಡ್ರೊಕ್ಲೋರಿಕ್ ಆಮ್ಲ ಕಾರ್ಬೊನೇಟನ್ನು ಕರಗಿಸುತ್ತದೆ. ಗಾಜಿಗೂ ಹೆಚ್ಚೇನೂ ಮಾಡುವುದಿಲ್ಲ. ಆದರೆ ಅದು ಹರಿದು ಸೇರುವುದು ಅಲ್ಯೂಮಿನಿಯಮ್ ಚೌಕಟ್ಟಿಗೆ. ಅಲ್ಯೂಮಿನಿಯಮನ್ನು ಕಾಯುತ್ತಿರುವುದು ಅದರ ಮೇಲಿನ ಆಕ್ಸೈಡ್ ಪದರ. ಈ ಆಕ್ಸೈಡ್ ಉಭಯಧರ್ಮಿ, ಅಂದರೆ ಆಮ್ಲದಲ್ಲೂ ಕರಗುತ್ತದೆ, ಪ್ರಬಲ ಕ್ಷಾರದಲ್ಲೂ ಕರಗುತ್ತದೆ. ಹಾಗಾಗಿ ಕಾಸ್ಟಿಕ್ ಸೋಡಾ ಕೂಡ ಬೇಡ. ಅದು ಸಿಲಿಕದ ಲೇಪವನ್ನೂ ಬಿಡುವುದಿಲ್ಲ. ವಾರಂಟಿ ಪತ್ರಗಳು ‘ತಟಸ್ಥ ಪಿಎಚ್’ ಎಂದು ಒತ್ತಿ ಹೇಳುವುದು ಇದಕ್ಕಾಗಿ. ಗಟ್ಟಿಯಾದ ಕಲೆ ಇದ್ದರೆ ಕಂಪನಿಯನ್ನೇ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯುವುದು ಜಾಣತನ.

ಕಾರು ತೊಳೆಯುವ ಅಧಿಕ ಒತ್ತಡದ ಪಂಪು ಈಗ ಸುಲಭವಾಗಿ ಸಿಗುತ್ತದೆ. ಫಲಕದ ಹಿಂದಿನ ಸಂಪರ್ಕ ಪೆಟ್ಟಿಗೆಯ ಮೇಲೆ ‘ಐಪಿ 67’ ಎಂದಿರುವುದನ್ನು ತೋರಿಸಿ, ‘ಇದು ನೀರಲ್ಲಿ ಮುಳುಗಿದರೂ ಏನೂ ಆಗದು’ ಎನ್ನುವವರಿದ್ದಾರೆ. ಆ ಅಂಕಿಯ ಅರ್ಥ ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ. ಒಂದು ಮೀಟರ್ ನೀರಿನ ಒತ್ತಡ ವಾಯುಮಂಡಲದ ಒತ್ತಡದ ಹತ್ತನೇ ಒಂದು ಭಾಗ ಮಾತ್ರ. ಪಂಪಿನೊಳಗಿನ ಒತ್ತಡವೋ ವಾಯುಮಂಡಲದ ನೂರು ಪಟ್ಟು! ಚಿಮ್ಮುವ ನೀರಿಗೆ ಬೇರೆಯೇ ಪರೀಕ್ಷೆಗಳಿವೆ. ಮರದ ಪುಡಿ ಮತ್ತು ಪ್ಲಾಸ್ಟಿಕ್ ಬೆರೆಸಿ ಮಾಡಿದ ಸಂಯುಕ್ತ ಹಲಗೆಗಳಿಗೂ ಈ ಪಂಪು ಅಪಾಯಕಾರಿ. ಧಾರೆ ತೀರ ಹತ್ತಿರವಾದರೆ ಮೇಲಿನ ಪ್ಲಾಸ್ಟಿಕ್ ಪದರ ಕಿತ್ತು, ಒಳಗಿನ ಮರದ ನಾರು ತೇವ ಹೀರಿ ಬೂಷ್ಟು ಹಿಡಿಯುತ್ತದೆ.

ಸಮಯವೂ ಮುಖ್ಯ. ಬೇಸಿಗೆಯ ಮಧ್ಯಾಹ್ನ ಫಲಕದ ಉಷ್ಣತೆ 60 ಡಿಗ್ರಿ ಸೆಲ್ಸಿಯಸ್ ದಾಟಬಹುದು. ಆಗ ತಣ್ಣೀರು ಸುರಿದರೆ ಗಾಜಿನ ಮೇಲ್ಮೈ ಥಟ್ಟನೆ ಕುಗ್ಗಲು ಯತ್ನಿಸುತ್ತದೆ, ಒಳಭಾಗ ಬಿಡುವುದಿಲ್ಲ. ಹದಗೊಳಿಸಿದ ಗಾಜು ಇದನ್ನು ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ. ಅಂಚಿನಲ್ಲಿ ಗೀರು ಬಿದ್ದಿದ್ದರೆ ಹೇಳಲಾಗದು. ಬೆಳಗಿನ ಜಾವವೇ ಒಳ್ಳೆಯದು. ರಾತ್ರಿಯ ಇಬ್ಬನಿ ದೂಳನ್ನು ನೆನೆಸಿಟ್ಟಿರುತ್ತದೆ, ನೀರೂ ಬೇಗ ಆರುವುದಿಲ್ಲ.

ಬೆಳಗಿನ ಜಾವಕ್ಕೆ ಇನ್ನೊಂದು, ಇದಕ್ಕಿಂತ ಗಂಭೀರವಾದ ಕಾರಣವಿದೆ. ಬೆಳಕು ಬೀಳುತ್ತಿರುವವರೆಗೆ ಫಲಕವನ್ನು ‘ಆಫ್’ ಮಾಡಲಾಗುವುದಿಲ್ಲ. ಇನ್ವರ್ಟರ್ ನಿಲ್ಲಿಸಿದರೆ ವಿದ್ಯುತ್ ಹರಿಯುವುದು ನಿಲ್ಲುತ್ತದೆ, ವಿಭವಾಂತರ ಹಾಗೆಯೇ ಇರುತ್ತದೆ. ಒಂದು ಫಲಕಕ್ಕೆ 40ರಿಂದ 50 ವೋಲ್ಟ್. ಹತ್ತನ್ನು ಸರಣಿಯಲ್ಲಿ ಜೋಡಿಸಿದರೆ 400-500 ವೋಲ್ಟ್. ಅದೂ ನೇರ ವಿದ್ಯುತ್. ಪರ್ಯಾಯ ವಿದ್ಯುತ್ತು ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬರುವುದರಿಂದ ಅದರ ಕಿಡಿ ಆರಲು ಅವಕಾಶವಿದೆ. ನೇರ ವಿದ್ಯುತ್ತಿನ ಕಿಡಿಗೆ ಅದಿಲ್ಲ. ಗಾಜು ಒಡೆದಿರುವ, ತಂತಿಯ ಹೊದಿಕೆ ಹರಿದಿರುವ ಫಲಕಕ್ಕೆ ನೀರು ತಾಗಿಸಲೇಬಾರದು. ಇದು ವಾರಂಟಿಯ ಮಾತಲ್ಲ, ಜೀವದ ಮಾತು. ಮಕ್ಕಳನ್ನು ಶಾಲೆಯ ಫಲಕ ತೊಳೆಯಲು ಹತ್ತಿಸುವುದೂ ಸಲ್ಲದು.

ಫಲಕಗಳ ಮೇಲೆ ನಡೆಯುವುದೂ ಬೇಡ. ಒಳಗಿನ ಸಿಲಿಕಾನ್ ಕೋಶದ ದಪ್ಪ ಮಿಲಿಮೀಟರಿನ ಐದರಲ್ಲೊಂದು ಭಾಗವೂ ಇಲ್ಲ. ಕಾಲಿನ ಭಾರಕ್ಕೆ ಗಾಜು ಬಾಗಿ ಹಿಂದಿರುಗುತ್ತದೆ, ಕೋಶ ಕಣ್ಣಿಗೆ ಕಾಣದಂತೆ ಬಿರಿಯುತ್ತದೆ. ಉದ್ದ ಹಿಡಿಯ ಬ್ರಷ್ ಬಳಸಿ, ಕೆಳ ಅಂಚಿನ ಕಡೆ ಹೆಚ್ಚು ಗಮನ ಕೊಡಿ. ನಮ್ಮಲ್ಲಿ ಫಲಕಗಳ ಇಳಿಜಾರು ಕಡಿಮೆಯಾದ್ದರಿಂದ ಕೆಸರು ಚೌಕಟ್ಟಿನ ಅಂಚಿಗೆ ಬಂದು ನಿಲ್ಲುತ್ತದೆ. ಕೋಶಗಳು ಸರಣಿಯಲ್ಲಿರುವುದರಿಂದ ಕೆಳಸಾಲು ಮುಚ್ಚಿದರೂ ಮೇಲಿನವುಗಳ ಉತ್ಪಾದನೆ ಕುಸಿಯುತ್ತದೆ. ಹಕ್ಕಿಯ ಹಿಕ್ಕೆ ಬಿದ್ದ ಕೋಶವಂತೂ ವಿದ್ಯುತ್ ಕೊಡುವ ಬದಲು ತಾನೇ ಹೀರಿಕೊಂಡು ಬಿಸಿಯಾಗುತ್ತದೆ. ಹಿಕ್ಕೆಯನ್ನು ಕೆರೆಯದೆ, ಒದ್ದೆ ಬಟ್ಟೆ ಹೊದಿಸಿ ಸ್ವಲ್ಪ ಹೊತ್ತು ನೆನೆಸಿದರೆ ತಾನಾಗಿ ಬಿಡುತ್ತದೆ.

ಇವುಗಳಲ್ಲಿ ಎರಡನ್ನು ತರಗತಿಯಲ್ಲೇ ತೋರಿಸಬಹುದು. ಗಾಜಿನ ಸ್ಲೈಡಿನ ಮೇಲೆ ಕೊಳವೆಬಾವಿ ನೀರು, ಮಳೆನೀರು, ಬಟ್ಟಿ ಇಳಿಸಿದ ನೀರುಗಳ ಒಂದೊಂದು ಹನಿ ಇಟ್ಟು ಬಿಸಿಲಿಗಿಡಿ. ಆರಿದ ಮೇಲೆ ಕಪ್ಪು ಕಾಗದದ ಮೇಲಿಟ್ಟು ನೋಡಿ. ಅರಿಸಿನ ಸವರಿದ ಕಾಗದಕ್ಕೆ ಬಟ್ಟೆ ಸೋಪು, ಬೂದಿ ನೀರು, ಪಾತ್ರೆ ತೊಳೆಯುವ ದ್ರಾವಣಗಳನ್ನು ಹಚ್ಚಿ ನೋಡಿ. ಕೆಂಪಾದದ್ದು ಕ್ಷಾರ, ಅದನ್ನು ತಾರಸಿಗೆ ಒಯ್ಯಬೇಡಿ. ಹಳದಿಯಾಗಿಯೇ ಉಳಿದದ್ದು ತಟಸ್ಥವೋ ಆಮ್ಲವೋ ಎಂದು ತಿಳಿಯಲು ನೀಲಿ ಲಿಟ್ಮಸ್ ಬೇಕಾಗುತ್ತದೆ.