ರಕ್ತಸ್ರಾವ ನಿಂತ ಮೇಲೂ ಎಚ್ಚರ ಬೇಕು

ಯಕೃತ್ತಿನ ಕಾಯಿಲೆಯಿಂದ ಬಳಲುವವರು ಒಮ್ಮಿಂದೊಮ್ಮೆಲೇ ರಕ್ತ ವಾಂತಿ ಮಾಡಿಕೊಂಡಾಗ ಮನೆಮಂದಿಗೆ ದಿಕ್ಕೇ ತೋಚದಂತಾಗುತ್ತದೆ. ಆಸ್ಪತ್ರೆಯಲ್ಲಿ ರಕ್ತಸ್ರಾವ ನಿಂತು ರೋಗಿಯು ಮನೆಗೆ ಮರಳಿದಾಗ, ಗಂಡಾಂತರ ಕಳೆಯಿತೆಂದು ಎಲ್ಲರೂ ನೆಮ್ಮದಿಯ ಉಸಿರು ಬಿಡುತ್ತಾರೆ. ಈ ನೆಮ್ಮದಿ ಸಹಜವಾದುದೇ. ಆದರೆ ರಕ್ತನಾಳದ ಮೂಲಕ ಮಾಡುವ ಇಂದಿನ ಚಿಕಿತ್ಸೆಗಳ ತರುವಾಯ ಕೆಲವು ತೊಂದರೆಗಳು ಮನೆಯಲ್ಲಿಯೇ ತಲೆದೋರುತ್ತವೆ. ಅವನ್ನು ಮೊದಲು ಗುರುತಿಸಬೇಕಾದವರು ವೈದ್ಯರಲ್ಲ, ಮನೆಯವರು. ಆದ್ದರಿಂದ ಈ ವಿಷಯವನ್ನು ನಾವೆಲ್ಲರೂ ಅರಿತಿರುವುದು ಒಳಿತು.

ಕರುಳು ಮತ್ತು ಗುಲ್ಮದಿಂದ ಹೊರಟ ರಕ್ತವು ಪೋರ್ಟಲ್ ಅಭಿಧಮನಿಯ ಮೂಲಕ ಯಕೃತ್ತನ್ನು ಸೇರಿ, ಅಲ್ಲಿ ಶುದ್ಧಗೊಂಡು ಹೃದಯದತ್ತ ಸಾಗುತ್ತದೆ. ಮದ್ಯಪಾನ, ಹೆಪಟೈಟಿಸ್ ಬಿ ಮತ್ತು ಸಿ ಸೋಂಕು, ಮಧುಮೇಹ ಹಾಗೂ ಬೊಜ್ಜಿನೊಂದಿಗೆ ಬರುವ ಕೊಬ್ಬಿನ ಯಕೃತ್ತು ಮುಂತಾದ ಕಾರಣಗಳಿಂದ ಯಕೃತ್ತು ಗಟ್ಟಿಯಾದರೆ (ಇದೇ ಸಿರೋಸಿಸ್) ರಕ್ತದ ಹಾದಿ ಇಕ್ಕಟ್ಟಾಗುತ್ತದೆ. ಹೂಳು ತುಂಬಿದ ಕಾಲುವೆಯ ನೀರು ಏರಿಯ ದುರ್ಬಲ ಜಾಗವನ್ನು ಹುಡುಕಿಕೊಂಡು ಹೋಗುವಂತೆ, ಈ ರಕ್ತವೂ ಅನ್ನನಾಳ ಮತ್ತು ಜಠರದ ಸಣ್ಣ ನಾಳಗಳಿಗೆ ನುಗ್ಗಿ ಅವುಗಳನ್ನು ಉಬ್ಬಿಸುತ್ತದೆ. ಹೀಗೆ ಉಬ್ಬಿದ ನಾಳಗಳೇ ವೇರಿಸಿಸ್. ಯಕೃತ್ತಿನ ಹಿಂದುಮುಂದಿನ ಅಭಿಧಮನಿಗಳ ಒತ್ತಡದ ಅಂತರವು ಆರೋಗ್ಯವಂತರಲ್ಲಿ ಸುಮಾರು 5 ಮಿಲಿಮೀಟರ್ ಪಾದರಸವನ್ನು ಮೀರುವುದಿಲ್ಲ. ಅದು 12ನ್ನು ದಾಟಿದಾಗ ಈ ನಾಳಗಳು ಒಡೆಯುವ ಭಯ ಉಂಟಾಗುತ್ತದೆ.

ಔಷಧ ಮತ್ತು ಎಂಡೋಸ್ಕೋಪಿಯ ಮೂಲಕ ನಾಳಗಳಿಗೆ ರಬ್ಬರ್ ಪಟ್ಟಿ ಬಿಗಿಯುವುದು ಮೊದಲ ಚಿಕಿತ್ಸೆ. ಅದು ಸಾಲದಾದಾಗ, ಅಥವಾ ಉಬ್ಬಿದ ನಾಳವು ಜಠರದಲ್ಲಿದ್ದಾಗ, ಇಂಟರ್ವೆನ್ಷನಲ್ ರೇಡಿಯಾಲಜಿ ತಜ್ಞರ ನೆರವು ಬೇಕಾಗುತ್ತದೆ. ಇವರು ಹೊಟ್ಟೆಯನ್ನು ಕೊಯ್ಯದೆ, ಕ್ಷಕಿರಣದ ಬೆಳಕಿನಲ್ಲಿ ರಕ್ತನಾಳದೊಳಗೆ ತೆಳುವಾದ ನಳಿಕೆಯನ್ನು ಸಾಗಿಸಿ ಕೆಲಸ ಮಾಡುತ್ತಾರೆ. ಕುತ್ತಿಗೆಯ ಅಭಿಧಮನಿಯಿಂದ ಯಕೃತ್ತಿನೊಳಗೆ ಹೋಗಿ, ಲೋಹದ ಸ್ಟೆಂಟ್ ಇರಿಸಿ ರಕ್ತಕ್ಕೆ ಹೊಸ ಹಾದಿ ತೆರೆಯುವ ವಿಧಾನಕ್ಕೆ ಟಿಪ್ಸ್ ಎಂದು ಹೆಸರು. 1969ರಲ್ಲಿ ಜೋಸೆಫ್ ರೋಶ್ ಅವರು ಪ್ರಾಣಿಗಳಲ್ಲಿ ಇದರ ಸಾಧ್ಯತೆಯನ್ನು ತೋರಿಸಿದರು. 1988ರಲ್ಲಿ ಜರ್ಮನಿಯ ಫ್ರೈಬರ್ಗ್‌ನಲ್ಲಿ ಲೋಹದ ಸ್ಟೆಂಟ್ ಬಳಸಿ ಮನುಷ್ಯರಲ್ಲಿ ಇದನ್ನು ನೆರವೇರಿಸಲಾಯಿತು. ಜಪಾನಿನ ವೈದ್ಯರು ರೂಪಿಸಿದ ಬಿಆರ್‌ಟಿಒ ಎಂಬ ಇನ್ನೊಂದು ವಿಧಾನದಲ್ಲಿ, ಜಠರದ ಉಬ್ಬಿದ ನಾಳವನ್ನೂ ಅದರಿಂದ ರಕ್ತ ಹೊರಹರಿಯುವ ಹಾದಿಯನ್ನೂ ಔಷಧದಿಂದ ಮುಚ್ಚುತ್ತಾರೆ. ಮೊದಲನೆಯದು ಹೊಸ ಕಾಲುವೆಯನ್ನು ತೋಡಿದಂತೆ. ಎರಡನೆಯದು ಒಡಕು ಕಾಲುವೆಯನ್ನು ಮುಚ್ಚಿದಂತೆ. ಎರಡರಲ್ಲಿಯೂ ರಕ್ತದ ಹರಿವು ದಿಕ್ಕು ಬದಲಿಸುತ್ತದೆ. ಮುಂದಿನ ತೊಂದರೆಗಳಲ್ಲಿ ಹೆಚ್ಚಿನವು ವೈದ್ಯರ ಕೈತಪ್ಪಿನಿಂದ ಬಂದವಲ್ಲ, ಈ ಬದಲಾವಣೆಯ ಫಲವಾಗಿ ಬಂದವು.

ಟಿಪ್ಸ್ ಆದ ಮೇಲೆ ರಕ್ತದ ಬಹುಭಾಗ ಯಕೃತ್ತಿನಲ್ಲಿ ಶುದ್ಧಗೊಳ್ಳದೆ ನೇರವಾಗಿ ಮುಂದೆ ಸಾಗುತ್ತದೆ. ಕರುಳಿನಲ್ಲಿ ಹುಟ್ಟಿದ ಅಮೋನಿಯಾ ಮೊದಲಾದ ವಿಷವಸ್ತುಗಳು ಮೆದುಳನ್ನು ತಲುಪುತ್ತವೆ. ಆಗ ಉಂಟಾಗುವ ಮಂಕನ್ನು ಹೆಪಾಟಿಕ್ ಎನ್‌ಸೆಫಲೋಪತಿ ಎನ್ನುತ್ತಾರೆ. ಸುಮಾರು ಮೂವರಲ್ಲಿ ಒಬ್ಬರಿಗೆ ಇದು ಬರಬಹುದು. ಮೊದಲ ಕೆಲವು ತಿಂಗಳುಗಳಲ್ಲಿಯೇ ಹೆಚ್ಚು. ರೋಗಿಯು ಹಗಲು ಮಲಗಿ ಇರುಳು ಎಚ್ಚರವಿರುತ್ತಾನೆ. ಮಾತು ತಡವರಿಸುತ್ತದೆ, ಚಾಚಿದ ಕೈಗಳು ರೆಕ್ಕೆ ಬಡಿದಂತೆ ಅದುರುತ್ತವೆ, ಕಾರಣವಿಲ್ಲದೆ ಸಿಟ್ಟು ಬರುತ್ತದೆ, ತೀರ ಉಲ್ಬಣಿಸಿದರೆ ಪ್ರಜ್ಞೆಯೇ ತಪ್ಪುತ್ತದೆ.

ನಾವು ವಿಶೇಷವಾಗಿ ಒತ್ತಿ ಹೇಳಬೇಕಾದ ಮಾತು ಇಲ್ಲಿದೆ. ಇಂತಹ ಮನುಷ್ಯನನ್ನು ಕಂಡು ‘ಮತ್ತೆ ಕುಡಿದು ಬಂದಿದ್ದಾನೆ’ ಎಂದು ಬೈಯುವವರುಂಟು. ‘ಗಾಳಿ ಸೋಕಿದೆ’ ಎಂದು ಮಂತ್ರ, ತಾಯಿತಗಳ ಹಿಂದೆ ಅಲೆಯುವವರೂ ಉಂಟು. ಎರಡೂ ತಪ್ಪು, ಎರಡೂ ಅಪಾಯಕಾರಿ. ಇದು ನಡತೆಯ ದೋಷವಲ್ಲ, ರಕ್ತದಲ್ಲಿನ ವಿಷದ ಪರಿಣಾಮ. ಬೈಗುಳದಲ್ಲಿ ಕಳೆದ ಒಂದು ದಿನ ಜೀವಕ್ಕೇ ಎರವಾಗಬಹುದು. ಬೇಗ ಗುರುತಿಸಿದರೆ ಬಹಳಷ್ಟು ಮಂದಿ ಚೇತರಿಸಿಕೊಳ್ಳುತ್ತಾರೆ. ಲ್ಯಾಕ್ಟುಲೋಸ್ ಎಂಬ ಸಿಹಿ ಔಷಧವನ್ನು ದಿನಕ್ಕೆ ಎರಡು ಮೂರು ಬಾರಿ ಮೆತ್ತಗೆ ಮಲವಿಸರ್ಜನೆ ಆಗುವಷ್ಟು ಪ್ರಮಾಣದಲ್ಲಿ ಕೊಡುತ್ತಾರೆ. ರಿಫಾಕ್ಸಿಮಿನ್ ಮಾತ್ರೆಯನ್ನೂ ಸೇರಿಸುವುದುಂಟು. ಅದರಿಂದಲೂ ಹಿಡಿತಕ್ಕೆ ಬಾರದಿದ್ದರೆ ಸ್ಟೆಂಟಿನ ಹಾದಿಯನ್ನು ಕಿರಿದುಗೊಳಿಸುವ ಉಪಾಯವೂ ಇದೆ.

ಟಿಪ್ಸ್‌ನ ಬೇರೆ ತೊಂದರೆಗಳೂ ಉಂಟು. ಹೃದಯಕ್ಕೆ ಒಮ್ಮೆಲೇ ಹೆಚ್ಚು ರಕ್ತ ಬರುವುದರಿಂದ ಹೃದಯ ದುರ್ಬಲರಾದವರಿಗೆ ಏದುಸಿರು, ಕಾಲಿನ ಬಾವು ಕಾಣಿಸಬಹುದು. ಈಗಾಗಲೇ ಸೊರಗಿದ ಯಕೃತ್ತು ರಕ್ತದ ಕೊರತೆಯಿಂದ ಇನ್ನಷ್ಟು ಸೋಲಬಹುದು; ಕಣ್ಣಿನ ಹಳದಿ ದಿನೇ ದಿನೇ ಹೆಚ್ಚುವುದು ಅದರ ಸೂಚನೆ. ಸ್ಟೆಂಟ್ ಕಟ್ಟಿಕೊಂಡರೆ ರಕ್ತಸ್ರಾವ ಮರುಕಳಿಸುತ್ತದೆ. ಹೊದಿಕೆಯುಳ್ಳ ಸ್ಟೆಂಟ್ ಬಂದ ಮೇಲೆ ಇದು ಕಡಿಮೆಯಾಗಿದೆಯಾದರೂ, ವೈದ್ಯರು ಹೇಳಿದ ದಿನಕ್ಕೆ ಡಾಪ್ಲರ್ ಸ್ಕ್ಯಾನ್ ಮಾಡಿಸುವುದನ್ನು ತಪ್ಪಿಸಬಾರದು.

ಬಿಆರ್‌ಟಿಒ ವಿಧಾನದ ಫಲ ಇದಕ್ಕೆ ಬಹುಮಟ್ಟಿಗೆ ವಿರುದ್ಧವಾದುದು. ಅಡ್ಡದಾರಿ ಮುಚ್ಚಿದಾಗ ಯಕೃತ್ತಿಗೆ ರಕ್ತ ಹೆಚ್ಚು ಸಿಗುತ್ತದೆ, ಎಷ್ಟೋ ಜನರ ಮಂಕು ತಿಳಿಯಾಗುತ್ತದೆ. ಆದರೆ ಪೋರ್ಟಲ್ ಅಭಿಧಮನಿಯ ಒತ್ತಡ ಏರುತ್ತದೆ. ಇದರಿಂದ ಹೊಟ್ಟೆಯಲ್ಲಿ, ಕೆಲವೊಮ್ಮೆ ಎದೆಗೂಡಿನಲ್ಲಿ ನೀರು ತುಂಬಬಹುದು; ಅನ್ನನಾಳದ ನಾಳಗಳು ಹೊಸದಾಗಿ ಉಬ್ಬಬಹುದು. ಆದ್ದರಿಂದ ಜಠರದ ನಾಳ ಮುಚ್ಚಿತೆಂದು ಮುಂದಿನ ಎಂಡೋಸ್ಕೋಪಿಯನ್ನು ಬಿಡಬಾರದು. ಚಿಕಿತ್ಸೆಯ ಬಳಿಕ ಕೆಲವು ದಿನ ಸಣ್ಣ ಜ್ವರ, ಹೊಟ್ಟೆನೋವು ಸಾಮಾನ್ಯ. ನಾಳ ಮುಚ್ಚುವ ಕೆಲವು ಔಷಧಗಳಿಂದ ರಕ್ತಕಣಗಳು ಒಡೆದು ಮೂತ್ರ ಕೆಂಪಾಗುವುದೂ ಉಂಟು. ಮೂತ್ರಪಿಂಡದ ರಕ್ಷಣೆಗಾಗಿ ಅದನ್ನು ಕೂಡಲೇ ತಿಳಿಸಬೇಕು.

ಮನೆಯವರು ಒಂದು ಪುಟ್ಟ ಪುಸ್ತಕದಲ್ಲಿ ರೋಗಿಯ ತೂಕ, ನಿದ್ರೆಯ ವೇಳೆ, ಮಲವಿಸರ್ಜನೆಯ ಸಂಖ್ಯೆಗಳನ್ನು ದಿನವೂ ಬರೆದಿಡಲಿ. ಓದುಬರಹ ಬಲ್ಲ ರೋಗಿಯಿಂದ ನಿತ್ಯ ಒಂದು ಸಾಲು ಬರೆಯಿಸಿದರೆ, ಅಕ್ಷರ ಸೊಟ್ಟಗಾಗುವುದೇ ಮಂಕಿನ ಮುನ್ಸೂಚನೆಯಾಗಬಹುದು. ಮಲಬದ್ಧತೆಗೆ ಎಡೆಗೊಡಬಾರದು. ನಿದ್ರೆ ಮಾತ್ರೆಯನ್ನಾಗಲಿ, ಐಬುಪ್ರೊಫೇನ್, ಡೈಕ್ಲೋಫಿನಾಕ್ ಮುಂತಾದ ನೋವಿನ ಮಾತ್ರೆಯನ್ನಾಗಲಿ ಅಂಗಡಿಯಿಂದ ತಾವಾಗಿಯೇ ತಂದು ಕೊಡಬಾರದು. ಮದ್ಯವನ್ನು ಪೂರ್ಣವಾಗಿ ತ್ಯಜಿಸಬೇಕು. ಹೊಟ್ಟೆಯಲ್ಲಿ ನೀರಿದ್ದರೆ ಉಪ್ಪನ್ನು ಕಡಿಮೆ ಮಾಡಬೇಕು.

ಆಹಾರದ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಮಂಕು ಬಂದೀತೆಂದು ಬೇಳೆಕಾಳು, ಹಾಲು, ಮೊಸರುಗಳನ್ನು ನಿಲ್ಲಿಸುವವರಿದ್ದಾರೆ. ಇದರಿಂದ ಸ್ನಾಯುಗಳು ಕರಗಿ ರೋಗಿ ಇನ್ನಷ್ಟು ಕುಗ್ಗುತ್ತಾನೆ. ಯಕೃತ್ತಿನ ರೋಗಿಗೆ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು. ಹೊಟ್ಟೆ ಬಹಳ ಹೊತ್ತು ಖಾಲಿ ಇರಬಾರದು. ಮಲಗುವ ಮುನ್ನ ಅಲ್ಪಾಹಾರ ಹಿತಕರ. ಶಿವರಾತ್ರಿಯ ಉಪವಾಸವನ್ನೋ ಶ್ರಾವಣದ ಒಪ್ಪತ್ತನ್ನೋ ವರುಷಗಳಿಂದ ನಡೆಸಿಕೊಂಡು ಬಂದ ಸದ್ಭಕ್ತರು ಈ ಕಾಯಿಲೆಯಲ್ಲಿ ಅದನ್ನು ಬಿಡಲು ಅಳುಕಬೇಕಾಗಿಲ್ಲ. ದೇಹವನ್ನು ಕಾಯ್ದುಕೊಳ್ಳುವುದೂ ಒಂದು ವ್ರತವೇ.

ರಕ್ತ ವಾಂತಿ, ಡಾಂಬರಿನಂತಹ ಕಪ್ಪು ಮಲ, ಮಂಕು, ಜ್ವರ, ಏದುಸಿರು, ಮೂತ್ರ ಕಡಿಮೆಯಾಗುವುದು: ಇವುಗಳಲ್ಲಿ ಯಾವುದೊಂದು ಕಂಡರೂ ಬೆಳಗಾಗಲೆಂದು ಕಾಯದೆ, ಚಿಕಿತ್ಸೆಯ ಕಾಗದಪತ್ರಗಳೊಂದಿಗೆ ಆಸ್ಪತ್ರೆಗೆ ಧಾವಿಸಬೇಕು.