ತುಂಗೆ ಉಕ್ಕಿದಾಗ ಹೊತ್ತುವ ಒಲೆ

ಮಳೆಗಾಲದಲ್ಲಿ ಶಿವಮೊಗ್ಗದವರು ತುಂಗೆಯ ಮಟ್ಟವನ್ನು ಅಳೆಯುವುದು ಕೋರ್ಪಲಯ್ಯನ ಛತ್ರದ ಬಳಿಯ ಮಂಟಪ ನೋಡಿ. ಮಂಟಪ ಮುಳುಗಿತೆಂದರೆ ಕುಂಬಾರಗುಂಡಿ, ಸೀಗೆಹಟ್ಟಿ, ಇಮಾಮ್‌ಬಾಡದ ಕಡೆ ಅಕ್ಕಿಮೂಟೆ ಅಟ್ಟ ಸೇರುತ್ತದೆ. ಗಾಜನೂರಿನ ಜಲಾಶಯ ಮೂರು ಟಿಎಂಸಿ ಚಿಲ್ಲರೆ ನೀರು ಹಿಡಿಯುವಂಥದ್ದು. ಶೃಂಗೇರಿ, ತೀರ್ಥಹಳ್ಳಿಯಲ್ಲಿ ಸುರಿದ ಮಳೆ ಹೆಚ್ಚು ಹೊತ್ತು ಅಲ್ಲಿ ನಿಲ್ಲುವುದಿಲ್ಲ. ಭದ್ರಾವತಿಯ ಸಂಗತಿ ಬೇರೆ. ಲಕ್ಕವಳ್ಳಿಯಲ್ಲಿ ಭದ್ರೆಗೆ ಕಟ್ಟಿದ ಅಣೆಕಟ್ಟೆಯ ನೀರು ಗರಿಷ್ಠ ಮಟ್ಟವಾದ 186 ಅಡಿಯ ಹತ್ತಿರ ಬರುವವರೆಗೆ ಊರು ನಿರಾಳ. ಆಮೇಲೆ ಗೇಟು ಎತ್ತಿ ಹೆಚ್ಚು ನೀರು ಬಿಟ್ಟರೆ ಹೊಸ ಸೇತುವೆ ಮುಳುಗುತ್ತದೆ, ಕವಲಗುಂದಿಯವರು ಮನೆ ಬಿಡಬೇಕಾಗುತ್ತದೆ.

ಹಾಗೆ ಮನೆ ಬಿಟ್ಟವರಿಗೆ ಅನ್ನ ಹಾಕುವ ವ್ಯವಸ್ಥೆಯೇ ಗಂಜಿ ಕೇಂದ್ರ. ಸರ್ಕಾರಿ ಕಾಗದದಲ್ಲಿ ಈಗ ಅದು ಕಾಳಜಿ ಕೇಂದ್ರ. ಜಾಗ ಶಾಲೆಯದೋ ಸಮುದಾಯ ಭವನದ್ದೋ, ಜವಾಬ್ದಾರಿ ತಹಶೀಲ್ದಾರರದು, ಪಾಲಿಕೆ ಅಥವಾ ನಗರಸಭೆಯದು. ಆದರೆ ಅದನ್ನು ಜೀವಂತವಾಗಿಡುವವರು ಪಕ್ಕದ ಬೀದಿಯವರು. ಬಿಸಿಯೂಟದ ಕೊಪ್ಪರಿಗೆಯಲ್ಲಿ ಅನ್ನ ಬೇಯುತ್ತಿದ್ದರೆ ಒಬ್ಬರು ಈರುಳ್ಳಿ ಹೆಚ್ಚುತ್ತಾರೆ, ಇನ್ನೊಬ್ಬರು ಹಸುಗೂಸಿಗೆ ಹಾಲು ಕಾಯಿಸುತ್ತಾರೆ. ದೇವಸ್ಥಾನ, ಮಸೀದಿ, ಚರ್ಚಿನಿಂದ ಪಲಾವು, ಚಿತ್ರಾನ್ನದ ಪಾತ್ರೆಗಳು ಬರುತ್ತವೆ. ಸಾಲಿನಲ್ಲಿ ನಿಂತವರಲ್ಲಿ ನಿನ್ನೆಯವರೆಗೆ ಸ್ವಂತ ಒಲೆಯಲ್ಲಿ ನಾಲ್ಕು ಜನಕ್ಕೆ ಬಡಿಸುತ್ತಿದ್ದ ಹೆಂಗಸರಿರುತ್ತಾರೆ. ಅವರನ್ನು ಕೂರಿಸಿ, "ಇನ್ನೊಂದು ಸೌಟು ಹಾಕಲಾ ಅಕ್ಕ?" ಎಂದು ಕೇಳಿ ಬಡಿಸುವುದು ದೊಡ್ಡ ಕೆಲಸವೆಂದೇ ನನ್ನ ಎಣಿಕೆ.

ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟೆ ಕಟ್ಟಿದ ಕಾಲದಿಂದಲೂ ಈ ಜಿಲ್ಲೆಗೆ ಮುಳುಗಡೆಯ ನೋವು ಗೊತ್ತು. ಹಾಗಾಗಿಯೇ 2019ರ ಆಗಸ್ಟ್‌ನಲ್ಲಿ ತುಂಗೆ ಶಿವಮೊಗ್ಗ ನಗರದೊಳಗೇ ನುಗ್ಗಿದಾಗ ನೆರವಿಗೆ ಕೈಗಳು ಕಡಿಮೆಯಾಗಲಿಲ್ಲ. ಅದುವರೆಗೆ 3,800 ರೂಪಾಯಿಯಿದ್ದ ತುರ್ತು ಪರಿಹಾರವನ್ನು ಸರ್ಕಾರ ಆ ವರ್ಷ 10,000ಕ್ಕೆ ಏರಿಸಿತು.

ಕಷ್ಟ ಹೆಚ್ಚುವುದು ನೀರು ಇಳಿದ ಮೇಲೆ. ಮೊದಲೆರಡು ದಿನ ತಿಂಡಿಯ ಪೊಟ್ಟಣಗಳು ಮಿಕ್ಕಿ ಹಳಸುತ್ತವೆ. ಕೇಂದ್ರ ಮುಚ್ಚಿ ಜನ ಮನೆಗೆ ಮರಳುವಾಗ ಕೊಡುವವರು ಚದುರಿರುತ್ತಾರೆ. ಅಲ್ಲಿ ಗೋಡೆ ಒದ್ದೆ, ಅಕ್ಕಿ ಮುಗ್ಗಲು, ಸ್ಟೌವಿನೊಳಗೆ ಕೆಸರು. ಕೂಲಿಗೆ ಹೋಗದೆ ವಾರವಾಗಿರುತ್ತದೆ.

ಆದ್ದರಿಂದ ಎರಡೂ ಊರಿನ ದಾನಿಗಳಲ್ಲಿ ಒಂದು ವಿನಂತಿ: ಮುಂದಿನ ಮಳೆಗಾಲದಲ್ಲಿ ನಿಮ್ಮ ಪಾಲಿನ ಅರ್ಧವನ್ನು ತಡೆದಿಡಿ. ಜನ ಮನೆಗೆ ಹಿಂದಿರುಗುವ ದಿನ ಅಕ್ಕಿ, ಬೇಳೆ, ಎಣ್ಣೆ, ಖಾರದಪುಡಿ, ಸಾಧ್ಯವಾದರೆ ಒಂದು ಸ್ಟೌವನ್ನು ಅವರ ಬಾಗಿಲಿಗೇ ಮುಟ್ಟಿಸಿ.