ಶುಶ್ರೂಷಾ ವಿದ್ಯಾರ್ಥಿಗಳ ಭಯ ನಿವಾರಣೆಗೆ ವರ್ಚುಯಲ್ ರಿಯಾಲಿಟಿ

ಮುಂಬಯಿಯ ಬೈಕುಲ್ಲಾದಲ್ಲಿ 1845ರಲ್ಲಿ ಸ್ಥಾಪಿತವಾದ ಸರ್ ಜೆ.ಜೆ. ಆಸ್ಪತ್ರೆ ಹಾಗೂ ಪರೇಲಿನಲ್ಲಿ 1926ರಲ್ಲಿ ಆರಂಭಗೊಂಡ ಕೆ.ಇ.ಎಂ. ಆಸ್ಪತ್ರೆಗಳಿಗೆ ನಗರ, ಉಪನಗರಗಳಿಂದಲ್ಲದೆ ದೂರದ ಊರುಗಳಿಂದಲೂ ರೋಗಿಗಳು ಬರುತ್ತಾರೆ. ಇಂತಹ ಜನನಿಬಿಡ ವಾರ್ಡುಗಳಲ್ಲಿಯೇ ಶುಶ್ರೂಷಾ ವಿದ್ಯಾರ್ಥಿಗಳು ಮೊದಲ ಬಾರಿಗೆ ಚುಚ್ಚುಮದ್ದು ನೀಡಲು, ಡ್ರಿಪ್ ಹಾಕಲು ಕಲಿಯಬೇಕಾಗುತ್ತದೆ.

ರೋಗಿಗೆ ನೋವಾದೀತೆಂಬ, ತಪ್ಪಾದರೆ ಬೈಗುಳ ಕೇಳಬೇಕಾದೀತೆಂಬ ಅಳುಕು ಆಗ ಸಹಜ. ಆದರೆ ಭಯ ಮಿತಿಮೀರಿದಾಗ ಕೈ ನಡುಗುತ್ತದೆ, ಕಲಿತ ಕ್ರಮ ಮರೆಯುತ್ತದೆ. ಬಳಸಿದ ಸೂಜಿ ತನಗೇ ಚುಚ್ಚಿಕೊಂಡರೆ ಹೆಪಟೈಟಿಸ್-ಬಿ, ಹೆಪಟೈಟಿಸ್-ಸಿ ಹಾಗೂ ಎಚ್.ಐ.ವಿ. ಸೋಂಕು ತಗಲುವ ಸಂಭವವೂ ಉಂಟು. ಆದುದರಿಂದ ಈ ಭಯದ ನಿವಾರಣೆಯು ರೋಗಿ ಮತ್ತು ವಿದ್ಯಾರ್ಥಿ ಇಬ್ಬರ ಸುರಕ್ಷತೆಗೂ ಸಂಬಂಧಿಸಿದ ವಿಷಯವಾಗಿದೆ.

ರೋಗಿಗೆ ಅಪಾಯವಾಗದಂತೆ ಕಲಿಸುವ ಪ್ರಯತ್ನ ಹೊಸದಲ್ಲ. 1911ರಲ್ಲಿಯೇ ಅಮೆರಿಕದ ಹಾರ್ಟ್‌ಫರ್ಡ್ ಆಸ್ಪತ್ರೆಯ ಶುಶ್ರೂಷಾ ಶಾಲೆಯಲ್ಲಿ ‘ಮಿಸೆಸ್ ಚೇಸ್’ ಎಂಬ ಆಳೆತ್ತರದ ಬೊಂಬೆಯನ್ನು ಬಳಸಲಾಯಿತು. ವರ್ಚುಯಲ್ ರಿಯಾಲಿಟಿ ಈ ಪರಂಪರೆಯ ಮುಂದಿನ ಹೆಜ್ಜೆ. ಕಣ್ಣಿಗೆ ಧರಿಸುವ ಸಾಧನದೊಳಗೆ ವಾರ್ಡು, ಹಾಸಿಗೆ, ರೋಗಿ ಎಲ್ಲವೂ ಸುತ್ತಲೂ ಇರುವಂತೆ ಕಾಣುತ್ತವೆ. ಕೈ ತೊಳೆಯುವುದು, ರೋಗಿಯ ಗುರುತನ್ನು ಖಚಿತಪಡಿಸಿಕೊಳ್ಳುವುದು, ಔಷಧಿಯ ಪ್ರಮಾಣ ಪರಿಶೀಲಿಸುವುದು, ಸೂಜಿಯನ್ನು ಸುರಕ್ಷಿತವಾಗಿ ವಿಸರ್ಜಿಸುವುದು - ಇವು ಆಟದ ಹಂತಗಳು. ಹಂತ ತಪ್ಪಿದರೆ ಅಂಕ ಕಡಿಮೆಯಾಗುತ್ತದೆಯೇ ಹೊರತು ಯಾರಿಗೂ ನೋವಾಗುವುದಿಲ್ಲ. ಅದೇ ಕಾರ್ಯವನ್ನು ಮತ್ತೆ ಮತ್ತೆ ಮಾಡಬಹುದು.

ಭಯ ಹುಟ್ಟಿಸುವ ಸನ್ನಿವೇಶವನ್ನು ಸುರಕ್ಷಿತವಾಗಿ, ಹಂತಹಂತವಾಗಿ ಎದುರಿಸಿದಲ್ಲಿ ಭಯ ತಗ್ಗುತ್ತದೆಂಬುದು ಮನೋವಿಜ್ಞಾನದ ತತ್ತ್ವ. ಎತ್ತರದ ಭಯವುಳ್ಳವರಿಗೆ ಈ ತಂತ್ರದಿಂದ ಉಪಶಮನ ದೊರೆತುದನ್ನು ಬಾರ್ಬರಾ ರಾಥ್‌ಬಾಮ್ ಮತ್ತು ಸಹೋದ್ಯೋಗಿಗಳು 1995ರಲ್ಲಿ ವರದಿ ಮಾಡಿದರು. ಶುಶ್ರೂಷಾ ಶಿಕ್ಷಣದಲ್ಲಿ ಬಳಕೆಯಾಗುತ್ತಿರುವುದೂ ಇದೇ ತತ್ತ್ವ.

ಆದರೂ ಈ ಸಾಧನಕ್ಕೆ ಮಿತಿಗಳಿವೆ. ಕೆಲವರಿಗೆ ತಲೆಸುತ್ತು, ವಾಕರಿಕೆ ಉಂಟಾಗುತ್ತದೆ. ಬೆರಳ ತುದಿಗೆ ರಕ್ತನಾಳ ಸಿಗುವ ಅನುಭವವನ್ನು ಅದು ಪೂರ್ಣವಾಗಿ ನೀಡಲಾರದು. ಆದಕಾರಣ ಮೊದಲು ಆಟ, ಅನಂತರ ಬೊಂಬೆಯ ತೋಳಿನ ಮೇಲೆ ಅಭ್ಯಾಸ, ಕೊನೆಗೆ ಬೋಧಕರ ಸಮ್ಮುಖದಲ್ಲಿ ರೋಗಿಯ ಸೇವೆ ಎಂಬ ಕ್ರಮವೇ ಯುಕ್ತ.

ವಿದ್ಯಾರ್ಥಿಗಳು ತಮ್ಮ ಭಯವನ್ನು ಬೋಧಕರಿಂದ ಮುಚ್ಚಿಡಬಾರದು. ಸೂಜಿ ಚುಚ್ಚಿಕೊಂಡಲ್ಲಿ ಗಾಯವನ್ನು ಹಿಂಡದೆ ಸಾಬೂನು, ನೀರಿನಿಂದ ತೊಳೆದು ತಕ್ಷಣ ವರದಿ ಮಾಡಬೇಕು. ಎಚ್.ಐ.ವಿ. ತಡೆ ಔಷಧಿ ಅಗತ್ಯವೆನಿಸಿದರೆ ಅದನ್ನು ಆದಷ್ಟು ಬೇಗ, 72 ಗಂಟೆಗಳು ಮೀರದಂತೆ ಆರಂಭಿಸಬೇಕು. ಗದರಿಕೆಗೆ ಅಂಜಿ ಸುಮ್ಮನಿದ್ದರೆ ಈ ಅಮೂಲ್ಯ ಅವಧಿ ಕೈತಪ್ಪುತ್ತದೆ. ಕೇಳುವವರಿಗೆ ತಾಳ್ಮೆಯಿದ್ದಲ್ಲಿ ಮಾತ್ರ ಕಲಿಯುವವರಿಗೆ ಹೇಳುವ ಧೈರ್ಯ ಬರುತ್ತದೆ ಎಂಬುದನ್ನು ಬೋಧಕರೂ ಹಿರಿಯ ಸಿಸ್ಟರುಗಳೂ ನೆನಪಿನಲ್ಲಿಡುವುದು ಅಗತ್ಯ.